ನಂಬರ್ ನೋಡದ ದಸ್ತಗೀರ್ ಸಾಬ್ರು

ದಸ್ತಗೀರ್ ಸಾಬ್ರ ಮುಖಕ್ಕಿಂತ ಬೆನ್ನನ್ನೇ ನಾನು ಹೆಚ್ಚು ನೋಡಿದ್ದೇನೆ ಅಂದರೆ, ಮೊಮ್ಮಕ್ಕಳೇ, ನೀವು ನಗುತ್ತೀರಿ. ಪಾಂಡವಪುರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಬಳೆ ಅಂಗಡಿಗೂ ಗೊಬ್ಬರದ ಅಂಗಡಿಗೂ ನಡುವೆ ಅವರ ಮೊಬೈಲ್ ರಿಪೇರಿ ಅಂಗಡಿ ಇತ್ತು. ಬಂದವರು ತಮ್ಮ ಫೋನಿನ ಬೀಗ ತೆಗೆಯಲು ನಂಬರ್ ಒತ್ತಬೇಕಾದಾಗ ಸಾಬ್ರು ಕೈಯಲ್ಲಿದ್ದ ಕೆಲಸವನ್ನು ಅಲ್ಲಿಗೇ ಬಿಟ್ಟು, ಸ್ಟೂಲಿನಿಂದ ಎದ್ದು, ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದರು. ಕತ್ತು ಹೊರಳಿಸುವುದಲ್ಲ, ಪೂರ್ತಿ ಎದ್ದು ನಿಲ್ಲುವುದು. ದಿನಕ್ಕೆ ಎಷ್ಟು ಜನ ಬಂದರೂ ಅಷ್ಟು ಸಲ.

"ಆಯ್ತಾ? ತಿರುಗ್ಲಾ?" ಎಂದು ಕೇಳಿ, ಉತ್ತರ ಬಂದ ಮೇಲೆಯೇ ತಿರುಗುತ್ತಿದ್ದರು.

ಒಮ್ಮೆ ಹಾರೋಹಳ್ಳಿ ಕಡೆಯ ಒಬ್ಬ ಗಾಡಿ ಹುಡುಗ ಅವಸರದಲ್ಲಿ ಫೋನು ಎಸೆದು, "ನೀವೇ ಒತ್ಕಳಿ ಸಾಬ್ರೇ, ಒಂದು ಎಲ್ಡು ಮೂರು ನಾಕು" ಎಂದು ಬಾಗಿಲಿನಿಂದಲೇ ಕೂಗಿದ. ಸಾಬ್ರು ಆ ಫೋನನ್ನು ಮುಟ್ಟಲಿಲ್ಲ.

"ಬಾರ್ಲಾ ಇಲ್ಲಿ. ಮನೆ ಬೀಗದ ಕೈಯ ಬಸ್ ಸ್ಟ್ಯಾಂಡ್ನಾಗೆ ಎಸ್ದು ಓಯ್ತೀಯಾ? ನಾನ್ ಕೇಳುಸ್ಕಂಡೆ, ಬಳೆ ಅಂಗ್ಡಿಯೋರು ಕೇಳುಸ್ಕಂಡ್ರು, ಇನ್ನು ಆ ಗೊಬ್ಬರದ ಮೂಟೇನೂ ಕೇಳುಸ್ಕಂಡಿರ್ತದೆ. ಮೊದ್ಲು ಬದ್ಲಾಯ್ಸು, ಆಮ್ಯಾಕೆ ರಿಪೇರಿ."

ಅವನು ಬದಲಾಯಿಸುವವರೆಗೂ ಗೋಡೆ ನೋಡುತ್ತ ನಿಂತರು.

ಅವರ ಬಲಗಣ್ಣಿನ ಸುತ್ತ ಬಳೆ ಒತ್ತಿದ ಹಾಗೆ ಒಂದು ಗುರುತಿತ್ತು. ಫೋನಿಗೆ ಬರುವ ಮೊದಲು ಇಪ್ಪತ್ತೈದು ವರ್ಷ ಅವರು ಗಡಿಯಾರ ರಿಪೇರಿ ಮಾಡಿದವರು. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಆ ಗುರುತು ಮಾಡಿತ್ತು. ಬೇಸಿಗೆಯಲ್ಲೂ ಕತ್ತಿಗೆ ಒಂದು ಮಫ್ಲರ್. ಗಡಿಯಾರ ಬಿಟ್ಟು ಫೋನು ಹಿಡಿದದ್ದು ಯಾಕೆ ಎಂದು ನಿಮ್ಮ ತಾತ ಕೇಳಿದ್ದಕ್ಕೆ ಅವರು ಹೇಳಿದ್ದು ನನಗೆ ನೆನಪಿದೆ: "ಗಡಿಯಾರ ಬಿಚ್ಚುದ್ರೆ ಒಳ್ಗೆ ಏನೈತೆ ಗೌಡ್ರೆ? ಟೈಮು. ಅದು ಎಲ್ಲಾರ್ಗೂ ಒಂದೇ. ಫೋನ್ ಬಿಚ್ಚುದ್ರೆ ಒಳ್ಗೆ ಮನುಷ್ನೇ ಕುಂತವ್ನೆ. ಭಯ ಆಯ್ತದೆ ನಂಗೆ."

ನಿಮ್ಮಪ್ಪ ನನಗೆ ಮೊದಲ ಸಲ ಫೋನು ತಂದುಕೊಟ್ಟಾಗ ನಿಮ್ಮ ತಾತ ನನ್ನನ್ನು ಸಾಬ್ರ ಅಂಗಡಿಗೆ ಕರೆದುಕೊಂಡು ಹೋಗಿದ್ದರು. ಸಾಬ್ರು ಎಲ್ಲ ಸರಿಮಾಡಿ, "ಅಕ್ಕಾ, ನಾಕು ಅಂಕಿ ಒತ್ತಿ. ಯಾರ್ಗೂ ಯೋಳ್ಬ್ಯಾಡಿ. ಗೌಡ್ರೇ, ನೀವು ಆಚೆ ನಿಂತ್ಕಳಿ" ಎಂದು ನಿಮ್ಮ ತಾತನನ್ನು ಓಣಿಗೆ ಕಳಿಸಿ, ತಾವು ಗೋಡೆಗೆ ತಿರುಗಿದರು.

ನನಗೆ ಒಂದು ಅಂಕಿಯೂ ಹೊಳೆಯಲಿಲ್ಲ. ಹುಟ್ಟಿದ ದಿನ ಗೊತ್ತಿಲ್ಲ, ಶಾಲೆಯಲ್ಲಿ ಮೇಷ್ಟ್ರು ಬರೆದದ್ದೇ ನನ್ನ ಹುಟ್ಟಿದ ದಿನ. ಮನೆ ನಂಬರ್ ಎಲ್ಲರಿಗೂ ಗೊತ್ತು. ನನಗೆ ಮಾತ್ರ ಗೊತ್ತಿರುವ ಒಂದು ವಿಷಯ ಅಂತ ಆ ವಯಸ್ಸಿನವರೆಗೂ ನನ್ನ ಹತ್ತಿರ ಏನೂ ಇರಲಿಲ್ಲ. ಫೋನು ಹಿಡಿದು ಬೆವರಿದೆ. ಹಿಂದೆ ಜನ ಸೇರಿದರು. ಒಬ್ಬರು, "ಸಾಬ್ರು ಏನಾರ ತಪ್ ಮಾಡಿದ್ರೇನವ್ವ, ಗೋಡೆ ಕಡೆ ನಿಲ್ಸಿದ್ದೀಯ?" ಎಂದು ನಗಾಡಿದರು. ಸಾಬ್ರು ತಿರುಗದೆಯೇ, "ನಿಧಾನ್ಕೆ ಒತ್ತಿ ಅಕ್ಕಾ. ಗೋಡೆ ಚೆಂದಾಗೈತೆ, ನೋಡ್ತಿರ್ತೀನಿ" ಅಂದರು. ಕೊನೆಗೆ ಏನೋ ಒತ್ತಿದೆ. ಅವತ್ತು ಒತ್ತಿದ ಆ ನಾಲ್ಕು ಅಂಕಿ ಇವತ್ತಿಗೂ ನನ್ನದೇ. ಬಸ್ಸಿನಲ್ಲಿ ವಾಪಸು ಬರುವಾಗ ನಿಮ್ಮ ತಾತ ತಮಾಷೆಗೆ ಕೇಳಿದರು, ನಾನು ಹೇಳಲಿಲ್ಲ. ಅವರಿಗೆ ನಾನು ಏನನ್ನಾದರೂ ಹೇಳದೆ ಇದ್ದದ್ದು ಅದೇ ಮೊದಲು.

ಇನ್ನೊಂದು ಸಲ ಒಬ್ಬ ಗಂಡಸು ಹೆಂಡತಿಯ ಫೋನನ್ನು ಟವೆಲಿನಲ್ಲಿ ಸುತ್ತಿ ತಂದ. ಬೀಗ ತೆಗೆದುಕೊಡಿ, ಎಷ್ಟಾದರೂ ಕೊಡುತ್ತೇನೆ ಅಂದ. ಸಾಬ್ರು ಫೋನನ್ನು ಮತ್ತೆ ಟವೆಲಿನಲ್ಲಿ ಸುತ್ತಿ ಅವನ ಕೈಗಿಟ್ಟರು. "ಆಯಮ್ಮನ್ನೇ ಕರ್ಕಬಾ. ಅವ್ರು ಒತ್ಲಿ. ಅವ್ರು ಬರಕಿಲ್ಲ ಅಂದ್ರೆ ನಿಂದು ಮೊಬೈಲ್ ರಿಪೇರಿ ಅಲ್ಲ ಕಣ್ಲಾ, ಬ್ಯಾರೆ ರಿಪೇರಿ."

ನಿಮ್ಮ ತಾತನಿಗೂ ಸಾಬ್ರಿಗೂ ಸ್ನೇಹವಾದದ್ದು ನಿಮ್ಮ ತಾತನ ಹಳೆಯ ಫೋನು ಕೆ.ಆರ್. ಪೇಟೆ ಬಸ್ಸಿನಲ್ಲಿ ಕಳುವಾದ ಮೇಲೆ. ಅದಕ್ಕೆ ಬೀಗವೇ ಇರಲಿಲ್ಲ. ಕದ್ದವನು ಅದರಲ್ಲಿದ್ದ ನಂಬರುಗಳಿಗೆಲ್ಲ ಫೋನು ಮಾಡಿ ಬಾಯಿಗೆ ಬಂದಂತೆ ಮಾತಾಡಿದ. ಹೊಸ ಫೋನು ತಂದಾಗ ನಿಮ್ಮ ತಾತ, "ಈ ಸಲ ಬಿಗಿಯಾಗಿರ್ಬೇಕು ಸಾಬ್ರೇ" ಅಂದರು. ಹೆಬ್ಬೆಟ್ಟಿನ ಗುರುತು ಅವರಿಗೆ ಆಗುತ್ತಿರಲಿಲ್ಲ. ಹಗ್ಗ, ಕುಡುಗೋಲು ಹಿಡಿದು, ಹಾಲು ಕರೆದು ಕರೆದು ರೇಖೆ ಸವೆದಿತ್ತು, ರೇಷನ್ ಅಂಗಡಿಯಲ್ಲೂ ನಾಲ್ಕು ಸಲ ಒತ್ತಿಸುತ್ತಿದ್ದರು. ಹಾಗಾಗಿ ನಾಲ್ಕು ಅಂಕಿಯ ನಂಬರ್. ಸಾಬ್ರು ಇನ್ನೊಂದು ವ್ಯವಸ್ಥೆಯನ್ನೂ ಮಾಡಿದರು. ಯಾರಾದರೂ ಮತ್ತೆ ಮತ್ತೆ ತಪ್ಪು ನಂಬರ್ ಒತ್ತಿದರೆ, ಇಷ್ಟು ಸಲ ಆದ ಮೇಲೆ ಫೋನು ತನ್ನೊಳಗಿನದನ್ನೆಲ್ಲ ತಾನೇ ಅಳಿಸಿಹಾಕಬೇಕು.

"ಯಾರ್ಗೂ ಯೋಳ್ಬ್ಯಾಡಿ ಗೌಡ್ರೆ, ಅಕ್ಕನ್ಗೂ ಯೋಳ್ಬ್ಯಾಡಿ. ಒಬ್ಬುರ್ಗೆ ಯೋಳುದ್ರೆ ಅದು ಬೀಗ ಅಲ್ಲ" ಅಂದರು ಸಾಬ್ರು. ನಾನು ಪಕ್ಕದಲ್ಲೇ ಕೂತಿದ್ದೆ. ಮೂವರೂ ನಕ್ಕೆವು.

ಆ ಫೋನಿನಲ್ಲಿ ಏನಿತ್ತು ಎಂದು ಈಗ ಹೇಳಬೇಕು.

ನನ್ನ ಅವ್ವ, ಎಂದರೆ ನಿಮ್ಮ ಮುತ್ತಜ್ಜಿ, ನಾಗಮಂಗಲದ ಕಡೆಯವಳು. ಮದುವೆ ಮನೆಗಳಲ್ಲಿ ಸೋಬಾನೆ ಪದ ಹಾಡಲು ನಾಲ್ಕು ಊರಿನವರು ಕರೆಯುತ್ತಿದ್ದರು. ಎಣ್ಣೆ ಹಚ್ಚುವಾಗ ಒಂದು, ಧಾರೆಗೆ ಒಂದು, ಹೆಣ್ಣು ಒಪ್ಪಿಸಿಕೊಡುವಾಗ ಒಂದು. ಬರೆದಿಟ್ಟದ್ದು ಒಂದೂ ಇಲ್ಲ. ನನಗೆ ಬರುತ್ತಿದ್ದದ್ದು ಅರ್ಧಂಬರ್ಧ, ಜನರ ಮುಂದೆ ಬಾಯಿ ತೆರೆಯಲು ನಾಚಿಕೆಯಾಗಿ ನಾನು ಕಲಿಯಲೇ ಇಲ್ಲ. ಅವ್ವ ಕೊನೆಯ ವರ್ಷ ನಮ್ಮ ಮನೆಯಲ್ಲಿದ್ದಾಗ ನಿಮ್ಮ ತಾತ ದಿನಾ ಮಧ್ಯಾಹ್ನ ಜಗಲಿಯ ಮೇಲೆ ಕೂತು, "ಮುಂದ್ಕೆ ಯೋಳಿ ಅತ್ತೆ, ಆಮೇಲೆ?" ಎಂದು ಪುಸಲಾಯಿಸಿ ಅಷ್ಟನ್ನೂ ಫೋನಿನಲ್ಲಿ ಹಿಡಿದಿಟ್ಟಿದ್ದರು. ಬೇರೆ ಎಲ್ಲೂ ಅದರ ನಕಲಿರಲಿಲ್ಲ. ಅವ್ವ ಹೋದಳು. ಒಂದೂವರೆ ವರ್ಷಕ್ಕೆ ನಿಮ್ಮ ತಾತನೂ ಒಂದು ಬೆಳಿಗ್ಗೆ ಕೊಟ್ಟಿಗೆಯಲ್ಲಿ ಕುಸಿದರು. ಆಸ್ಪತ್ರೆ ಮುಟ್ಟಲಿಲ್ಲ.

ಹನ್ನೊಂದನೇ ದಿನದ ತಿಥಿಯ ಊಟ ಮುಗಿದ ಮೇಲೆ ಆ ಫೋನು ನಡುಮನೆಯಲ್ಲಿ ಕೈಯಿಂದ ಕೈಗೆ ಹೋಯಿತು. ನಿಮ್ಮ ಚಿಕ್ಕ ತಾತ ಅಣ್ಣನ ಹುಟ್ಟಿದ ವರ್ಷ ಒತ್ತಿದರು. ಯಾರೋ ಟ್ರಾಕ್ಟರಿನ ನಂಬರ್ ಒತ್ತಿದರು. ಇನ್ನೊಬ್ಬರು ನಮ್ಮ ಮದುವೆಯ ವರ್ಷ, ಮತ್ತೊಬ್ಬರು ಹೊಲದ ಸರ್ವೆ ನಂಬರ್. "ಕೊಡಿಲ್ಲಿ, ನಂಗೊತ್ತು" ಎಂದು ಪ್ರತಿಯೊಬ್ಬರೂ. ಸತ್ತವನ ಮನಸ್ಸು ತನಗೇ ಚೆನ್ನಾಗಿ ಗೊತ್ತಿತ್ತು ಎಂದು ತೋರಿಸುವ ಆಟದ ಹಾಗಾಯಿತು. ಫೋನು ನಡುನಡುವೆ ಅರ್ಧ ನಿಮಿಷ ತಡೆಯಿರಿ, ಐದು ನಿಮಿಷ ತಡೆಯಿರಿ ಎನ್ನುತ್ತಿತ್ತು. ತಡೆದು ಮತ್ತೆ ಒತ್ತಿದರು. ನಾನು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ. ಬೇಡಿ ಅನ್ನಬೇಕು ಅನ್ನಿಸಿತು. ಅಷ್ಟು ಜನ ಗಂಡಸರ ನಡುವೆ ಹೋಗಿ ಕೈಯಿಂದ ಕಿತ್ತುಕೊಳ್ಳಲು ಆಗಲಿಲ್ಲ. ಇನ್ನೊಂದು ಸಲ ತಪ್ಪಿದರೆ ಎಲ್ಲವೂ ಅಳಿಸಿಹೋಗುತ್ತದೆ ಎಂದು ಪರದೆಯ ಮೇಲೆ ಬಂದಾಗ ನಿಮ್ಮಪ್ಪ ಓದಿ, ಫೋನು ಕೆಳಗಿಟ್ಟ. ಎಲ್ಲರೂ ಎಲೆ ಅಡಿಕೆ ತಟ್ಟೆಯ ಕಡೆ ತಿರುಗಿದರು.

ಮಾರನೇ ದಿನವೇ ಕಿರಂಗೂರಿನಲ್ಲಿ ಪಾಂಡವಪುರದ ಬಸ್ಸು ಹತ್ತಿದೆ. ಒಬ್ಬಳೇ ಬಸ್ಸು ಹತ್ತಿದ್ದು ಅದೇ ಮೊದಲು. ಸಾಬ್ರು ಫೋನು ನೋಡಿದ ಕೂಡಲೇ ಗುರುತು ಹಿಡಿದರು. ನಾನು ಹೇಳಿದ್ದನ್ನೆಲ್ಲ ಕೇಳಿ ಮಫ್ಲರ್ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡರು.

"ಮೈಸೂರ್ನಾಗೆ ತೆಗೀತಾರಂತೆ, ಮೈದುನ್ರು ಯೋಳ್ತಾವ್ರೆ" ಅಂದೆ.

"ತೆಗೀತಾರೆ. ನಾನೂ ತೆಗೀತೀನಿ, ಅರ್ಧ ಗಂಟೆ ಕೆಲ್ಸ. ಬಾಗ್ಲು ತೆಗ್ದು ಒಳೀಕೋದ್ರೆ ಮನೇನೇ ಇರಕಿಲ್ಲ ಅಕ್ಕಾ. ಫೋನ್ ಬತ್ತದೆ, ನಿಮ್ಮವ್ವನ ಪದ ಬರಾಕಿಲ್ಲ."

"ಒಳಗಿರೋದ್ನ ಬಿಚ್ಚಿ ತೆಗ್ಯಕ್ಕಾಗಲ್ವಾ? ಗಡಿಯಾರ ಬಿಚ್ಚಿದಂಗೆ?"

ಅವರು ಮಫ್ಲರಿನ ಅಂಚಿನಿಂದ ಒಂದು ಎಳೆ ಎಳೆದರು. "ನೋಡಿ. ಈ ಮಫ್ಲರ್ನ ಎಳೆ ಎಳೆಯಾಗಿ ಬಿಚ್ಚಿ, ಒಂದೊಂದು ಎಳೇನೂ ಚೂರು ಮಾಡಿ, ಕಲುಸಿ ಮೂಟೆ ಕಟ್ಟಿಟ್ಟವ್ನೆ ಅನ್ಕಳಿ. ಮೂಟೆ ಕದ್ದೋನ್ಗೆ ಏನ್ ಸಿಕ್ತು? ನೂಲಿನ ಚೂರು. ಯಾವ್ದು ಎಲ್ಲಿತ್ತು ಅಂತ ಗೊತ್ತಿರಾದು ಆ ನಂಬರ್ಗೆ ಮಾತ್ರ. ಗೌಡ್ರು ಒತ್ತಿದ ತಕ್ಷಣ ಮತ್ತೆ ನೇಯ್ದು ಕೊಡ್ತದೆ. ಬ್ಯಾರೆ ಯಾರು ಒತ್ತುದ್ರೂ ಚೂರು ಚೂರೇ. ಅದು ಬೀಗ ಅಲ್ಲ, ಒಡಿಯಾಕೆ."

ಎಳೆದ ಎಳೆಯನ್ನು ಬೆರಳಿಗೆ ಸುತ್ತಿಕೊಂಡರು. ಕೊನೆಗೆ, "ಅಕ್ಕನ್ಗೂ ಯೋಳ್ಬ್ಯಾಡಿ ಅಂದೋನು ನಾನೇ ಅಲ್ವಾ?" ಅಂದರು. "ಅಳ್ಸೋ ಅಂಗೆ ಮಾಡ್ದೋನೂ ನಾನೇ. ಕಳ್ಳಂಗೆ ಅಂತ ಮಾಡ್ದೆ. ತೌಬಾ ತೌಬಾ."

ನನಗೂ ಒಳಗೊಳಗೇ ಅದೇ ಸಿಟ್ಟಿತ್ತು. ಹೌದು ನೀವೇ ಅನ್ನಬೇಕು ಅಂತ ಬಂತು. ಅವರ ಮುಖ ನೋಡಿ ನುಂಗಿಕೊಂಡೆ.

ಅಲ್ಲಿಂದ ಒಂದು ವರ್ಷ ನನಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ರಾಗಿ ಆರಿಸಲು ಕೂತರೆ ಎದ್ದು ಹೋಗಿ ಬೀರುವಿನಲ್ಲಿದ್ದ ಫೋನು ನೋಡಿ ಬರುವುದು. ನಿಮ್ಮ ತಾತನ ಪುಸ್ತಕ, ಪಾಸ್ ಪುಸ್ತಕ, ಕ್ಯಾಲೆಂಡರಿನ ಹಿಂಬದಿ, ಎಲ್ಲ ಹುಡುಕಿದೆ. ಯಾವ ನಂಬರ್ ಕಂಡರೂ ಇದೇ ಇರಬಹುದು ಅನ್ನಿಸುವುದು, ಫೋನು ಕೈಗೆತ್ತಿಕೊಳ್ಳುವುದು, ಮತ್ತೆ ಒಳಗಿಡುವುದು. ಬಸ್ಸಿನ ಹಿಂದಿನ ನಂಬರುಗಳನ್ನು ಕೂಡ ಬಿಡುತ್ತಿರಲಿಲ್ಲ. ಅಡುಗೆಗೆ ಎರಡು ಸಲ ಉಪ್ಪು ಹಾಕಿದ್ದಕ್ಕೆ ನಿಮ್ಮಮ್ಮ ಏನೂ ಅನ್ನಲಿಲ್ಲ, ಅದು ಅವಳ ಒಳ್ಳೆಯತನ.

ತಿಂಗಳಿಗೊಮ್ಮೆ ಸಾಬ್ರ ಅಂಗಡಿಗೆ ಹೋಗುತ್ತಿದ್ದೆ. ಸುಮ್ಮನಿಟ್ಟರೆ ಬ್ಯಾಟರಿ ಊದಿಕೊಳ್ಳುತ್ತದೆ, ತಂದು ತೋರಿಸುತ್ತಿರಿ ಎಂದು ಅವರೇ ಹೇಳಿದ್ದರು. ಹೋದಾಗಲೆಲ್ಲ ನೋಡಿದೆ: ವಯಸ್ಸಾದವರು ಯಾರು ನಂಬರ್ ಹಾಕಿಸಿಕೊಳ್ಳಲು ಬಂದರೂ ಸಾಬ್ರು ಈಗ ಬೇರೆ ಮಾತು ಹೇಳುತ್ತಿದ್ದರು. "ಒಬ್ಬುರ್ಗೆ ಯೋಳಿ. ಇಬ್ಬುರ್ಗಲ್ಲ, ಒಬ್ಬುರ್ಗೆ. ಇವತ್ತೇ ಯೋಳಿ, ನಾಳೆ ಅನ್ಬ್ಯಾಡಿ." ಒಬ್ಬ ಮುದುಕರು, "ಮೊನ್ನೆ ಯಾರ್ಗೂ ಯೋಳ್ಬ್ಯಾಡಿ ಅಂದ್ರಲ್ಲ ಸಾಬ್ರೇ?" ಎಂದದ್ದಕ್ಕೆ, "ಮೊನ್ನೆ ನಂಗೆ ಬುದ್ಧಿ ಇರ್ನಿಲ್ಲ" ಅಂದರು. ನನ್ನ ಕಡೆ ನೋಡಲಿಲ್ಲ.

ಕೊನೆಯ ಸಲ ಹೋದಾಗ ಅವರು ಕೆಮ್ಮುತ್ತಿದ್ದರು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಬ್ಯಾಟರಿ ನೋಡಿ ಫೋನು ವಾಪಸು ಕೊಟ್ಟವರು, ನಾನು ಎದ್ದ ಮೇಲೆ, "ಕುಂತ್ಕಳಿ ಅಕ್ಕಾ" ಅಂದರು. ಕೂತೆ. ಅವರು ಕೂರಲಿಲ್ಲ.

"ನಾನು ಯಾರ ನಂಬರ್ರೂ ನೋಡ್ದೋನಲ್ಲ. ಗೌಡ್ರದ್ದೂ ನೋಡಿಲ್ಲ. ಅಲ್ಲಾ ಕಸಂ."

"ಗೊತ್ತು ಸಾಬ್ರೇ."

"ನೋಡಿಲ್ಲ. ಆದ್ರೆ ಕೇಳೈತೆ." ಅವರು ಮೇಜಿನ ಅಂಚು ಹಿಡಿದುಕೊಂಡರು. "ಇಪ್ಪತ್ತೈದು ವರ್ಸ ಗಡಿಯಾರದ ಸದ್ದು ಕೇಳಿದ ಕಿವಿ ಇದು, ಮುಚ್ಚು ಅಂದ್ರೆ ಮುಚ್ಚಾಕಿಲ್ಲ. ಗೌಡ್ರ ಹೆಬ್ಬೆಟ್ಟು ಗಟ್ಟಿ, ಉಗುರು ಗಾಜಿಗೆ ತಾಕೋದು. ನಾನು ಗೋಡೆ ನೋಡ್ತಾ ಇದ್ರೂ ಕೇಳೋದು. ಯೋಳ್ಬಾರ್ದು ಅಂತ ವರ್ಸದಿಂದ ಒದ್ದಾಡ್ತಾ ಇವ್ನಿ. ಯೋಳುದ್ರೆ ನನ್ ಮಾತು ಓಯ್ತು. ಯೋಳ್ದೆ ಓದ್ರೆ ನಿಮ್ಮವ್ವ ಓಯ್ತಾರೆ."

ಬೆರಳ ಗಿಣ್ಣಿನಿಂದ ಮೇಜಿನ ಮೇಲೆ ಬಡಿದರು. ಟಕ್. ಸ್ವಲ್ಪ ಬಿಟ್ಟು, ಟಕ್‌ಟಕ್. ಮತ್ತೆ ಸ್ವಲ್ಪ ಬಿಟ್ಟು, ಟಕ್.

ಅದು ನಿಮ್ಮ ತಾತನೇ. ಜಗಲಿಯ ಮೇಲೆ, ಹಾಲಿನ ಕ್ಯಾನು ಪಕ್ಕಕ್ಕಿಟ್ಟು, ಫೋನು ತೆಗೆಯುವ ಸದ್ದು. ಎಷ್ಟೋ ವರ್ಷ ನಾನು ಒಳಗಿನಿಂದ ಕೇಳಿದ್ದೆ, ಕೇಳಿದ್ದೇನೆ ಅಂತ ಗೊತ್ತಿರಲಿಲ್ಲ.

"ನಡುವಿನ ಎರಡು ಒಂದೇ ಅಂಕಿ" ಅಂದರು ಸಾಬ್ರು. "ಅಷ್ಟೇ ನಂಗೊತ್ತಿರಾದು. ಅಂಕಿ ಯಾವ್ದೋ ಕಾಣೆ. ತಪ್ಪಾದ್ರೆ ನನ್ನಿಂದ್ಲೇ ಆ ಕಡೇ ಸಲಾನೂ ಓಯ್ತದೆ. ಒತ್ತಿದ್ರೆ ಬಂದು ಯೋಳಿ ಅಕ್ಕಾ. ಆದ್ರೂ ಯೋಳಿ, ಓದ್ರೂ ಯೋಳಿ."

ಆಗಲಿ ಅಂದೆ.

ಎರಡು ವಾರ ಆ ಸದ್ದು ತಲೆಯಲ್ಲಿ ಓಡಾಡಿತು. ಒಂದು ಮಂಗಳವಾರ ಬೆಳಿಗ್ಗೆ ದನಗಳಿಗೆ ಕಾಲುಬಾಯಿ ಜ್ವರದ ಚುಚ್ಚುಮದ್ದು ಹಾಕುವವರು ಬಂದರು. ನಮ್ಮ ಕೆಂದಿ, ನಿಮ್ಮ ತಾತ ಕರುವಿನಿಂದ ಸಾಕಿದ ಹಸು, ಅವರಿಗಲ್ಲದೆ ಬೇರೆಯವರಿಗೆ ಹಾಲು ಬಿಡುತ್ತಿರಲಿಲ್ಲ. ನಾನು ಅದರ ಮೂಗುದಾರ ಹಿಡಿದು ನಿಂತಿದ್ದೆ. ಬಂದವರಲ್ಲೊಬ್ಬರು ಅದರ ಕಿವಿಗೆ ಸರ್ಕಾರದವರು ಹಾಕಿದ್ದ ಹಳದಿ ಓಲೆಯ ನಂಬರನ್ನು ಜೋರಾಗಿ ಓದಿದರು, ಇನ್ನೊಬ್ಬರು ಬರೆದುಕೊಂಡರು. ಉದ್ದನೆಯ ನಂಬರ್. ಕೊನೆಯ ನಾಲ್ಕಕ್ಕೆ ಬಂದಾಗ ಒಂದು ಅಂಕಿ ಹೇಳಿ ತಡೆದು, ಡಬಲ್ ಎಂದು ಒಂದು ಅಂಕಿ ಹೇಳಿ, ತಡೆದು, ಮತ್ತೊಂದು ಹೇಳಿದರು. ನನ್ನ ಕೈಯಿಂದ ಹಗ್ಗ ಜಾರಿತು. ಹುಟ್ಟಿದ ವರ್ಷ, ಮದುವೆ, ಟ್ರಾಕ್ಟರು, ಹೊಲ ಎಂದು ನಡುಮನೆಯಲ್ಲಿ ಎಲ್ಲ ಒತ್ತಿದ್ದರು. ಕೊಟ್ಟಿಗೆಯ ಕಡೆ ಯಾರೂ ನೋಡಿರಲಿಲ್ಲ.

ಆ ಅಂಕಿಗಳನ್ನು ಇಲ್ಲಿ ಬರೆಯುವುದಿಲ್ಲ. ಸಾಬ್ರು ಒಪ್ಪುವುದಿಲ್ಲ.

ಕೈ ತೊಳೆದು, ಫೋನು ತಂದು, ಜಗಲಿಯ ಮೇಲೆ ಕೂತೆ. ಯಾರನ್ನೂ ಕೇಳಲಿಲ್ಲ. ಒತ್ತಿದೆ. ಫೋನು ತೆರೆದುಕೊಂಡಿತು. ಕರುವಿನ ಫೋಟೋ ಬಂತು. ಹುಡುಕಿ ಹುಡುಕಿ ಮೊದಲನೆಯ ಪದ ಹಾಕಿದೆ. ಅವ್ವ ಕೆಮ್ಮಿ ಗಂಟಲು ಸರಿಮಾಡಿಕೊಂಡಳು. "ಯೋಳಿ ಅತ್ತೆ" ಅಂದರು ನಿಮ್ಮ ತಾತ.

ನಿಮ್ಮಪ್ಪ ಅವತ್ತೇ ಎಲ್ಲವನ್ನೂ ಮೂರು ಕಡೆ ನಕಲು ಮಾಡಿದ. ನಾನು ಬುಧವಾರ ಬಸ್ಸು ಹತ್ತಿ ಪಾಂಡವಪುರಕ್ಕೆ ಹೋದೆ. ಸಾಬ್ರ ಅಂಗಡಿಯ ಷಟರ್ ಎಳೆದಿತ್ತು. ಓಣಿಯಲ್ಲಿ ಸ್ವಲ್ಪ ಹೊತ್ತು ನಿಂತೆ. ಬಳೆ ಅಂಗಡಿಯವರು ನೋಡಿದರು, ನಾನು ಸೆರಗು ಸರಿಮಾಡಿಕೊಂಡು ಬೇರೆ ಕಡೆ ನೋಡಿದೆ. ಬೇರೆ ಜನದ ಗಂಡಸಿನ ಮನೆ ಎಲ್ಲಿ ಎಂದು ಹೇಗೆ ಕೇಳುವುದು, ಏನು ತಿಳಿದುಕೊಳ್ಳುತ್ತಾರೆ ಎಂದು ಮುಂದಿನ ಬಸ್ಸಿಗೆ ವಾಪಸು ಬಂದೆ. ಶನಿವಾರ ಮತ್ತೆ ಹೋದೆ. ಷಟರ್ ಎಳೆದೇ ಇತ್ತು. ಅವತ್ತೂ ಕೇಳಲಿಲ್ಲ. ಮದುವೆಗೋ ಎಲ್ಲಿಗೋ ಹೋಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಮುಂದಿನ ಮಂಗಳವಾರ ಹೋದಾಗ ಬಳೆ ಅಂಗಡಿಯವರೇ ಕರೆದು ಹೇಳಿದರು. ನಿಮೋನಿಯಾ ಆಗಿತ್ತಂತೆ. ಮನೆಯಲ್ಲೇ ಮಲಗಿದ್ದರಂತೆ. ಭಾನುವಾರ ಬೆಳಗಿನ ಜಾವ ಹೋದರಂತೆ. ಮನೆ ಅಲ್ಲಿಂದ ಎರಡನೇ ಓಣಿ, ಸಂತೆಮಾಳದ ಹಿಂದೆ.

ಅವರ ಹೆಂಡತಿ ಮುಮ್ತಾಜಮ್ಮ ಒಳಕೋಣೆಯಲ್ಲಿ ಚಾಪೆಯ ಮೇಲೆ ಕೂತಿದ್ದರು. ನಾನು ಬಾಗಿಲಲ್ಲಿ ನಿಂತು ಹೆಸರು ಹೇಳುವ ಮೊದಲೇ, "ಕಿರಂಗೂರ್ ಕಡೆ ಅಕ್ಕನಾ?" ಅಂದರು. ಹೌದು ಅಂದೆ. ಪಕ್ಕದಲ್ಲಿ ಕೂರಿಸಿಕೊಂಡರು.

"ದಿನಾ ಸಂಜೆ ಕೇಳೋರು. ಆ ಅಕ್ಕ ಬಂದಿತ್ತಾ, ಅಂಗ್ಡಿ ಹತ್ರ ಯಾರಾರ ಕೇಳುದ್ರಾ ಅಂತ. ಇಲ್ಲಾ ಜೀ ಅನ್ನೋಳು ನಾನು. ಒತ್ತಿರಕಿಲ್ಲ, ಇಲ್ಲಾಂದ್ರೆ ಓಗ್ಬುಟ್ಟಿರ್ತದೆ, ನನ್ ಮಕಕ್ಕೆ ಯೋಳಾಕೆ ಇಷ್ಟ ಇಲ್ದೆ ಬಂದಿಲ್ಲ ಅನ್ನೋರು." ಅವರು ನನ್ನ ಕೈ ಹಿಡಿದುಕೊಂಡರು. "ತೆಗೀತಾ ಅಕ್ಕಾ?"

"ತೆಗೀತು."

"ಯಾವಾಗ?"

"ಓದ್ ಮಂಗಳವಾರ."

ಅವರು ನನ್ನ ಕೈ ಬಿಟ್ಟು ಬೆರಳು ಮಡಿಸಿದರು. ಮಂಗಳವಾರ. ಬುಧವಾರ. ಗುರುವಾರ. ಶುಕ್ರವಾರ. ಶನಿವಾರ. ಐದು ಬೆರಳೂ ಮಡಿಸಿಯಾದ ಮೇಲೆ ಆ ಮುಷ್ಟಿಯನ್ನು ನೋಡುತ್ತ ಕೂತರು. ಬೈದಿದ್ದರೆ ಚೆನ್ನಾಗಿತ್ತು.